ಹರಡಲೊಲ್ಲದ ಕೋಶಗಳು

ಓರೆಗಾನ್
ಅಕ್ಟೋಬರ್ 9, 1973

ಪ್ರಿಯ ಆರ್ಡಿತ್,

ಮಿನೆಸೋಟಾದಲ್ಲಿ ಇಷ್ಟು ಹೊತ್ತಿಗೆ ನೀವು ಹಿಮದ ಬೂಟು ಹೊರಗೆ ತೆಗೆದಿರಬೇಕು. ಇಲ್ಲಿ ಹಿಮವೂ ಇಲ್ಲ, ಬಿಸಿಲೂ ಇಲ್ಲ, ಬರೀ ಜಿನುಗು ಮಳೆ. ಹೊಸ ಪ್ರಯೋಗಾಲಯ ಚೆನ್ನಾಗಿದೆ. ಕಿಟಕಿಗಳಿವೆ, ಬಾಗಿಲ ಮೇಲೆ ಹಿತ್ತಾಳೆ ಅಕ್ಷರದಲ್ಲಿ 'ಡಾ. ಕಾನ್ರಾಡ್ ಎಬರ್ಸೋಲ್' ಎಂದಿದೆ. ಎಲ್ಲ ಇದೆ, ಆದರೆ ಕೋಶಗಳು ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ.

ನಿಮಗೆ ನೆನಪಿರುತ್ತದೆ. ಅಲ್ಲಿ ಹ್ಯಾಮ್‌ಸ್ಟರ್ ಇಲಿಯ ಕ್ಯಾನ್ಸರ್ ಗಡ್ಡೆಯ ಕೋಶಗಳು ಗಾಜಿನ ಮೇಲೆ ಬಟಾಣಿ ಕಾಳಿನ ಹಾಗೆ ದುಂಡಗೆ ಕೂತಿರುತ್ತಿದ್ದವು. ಕರುವಿನ ಪಿತ್ತಜನಕಾಂಗದ ಸಾರ ಹಾಕಿದ ನಾಲ್ಕು ಗಂಟೆಯಲ್ಲಿ ಅಂಚು ಚಾಚಿ, ಚಪ್ಪಟೆಯಾಗಿ, ಆರೋಗ್ಯವಂತ ಕೋಶಗಳ ಹಾಗೆ ಹರಡಿಕೊಳ್ಳುತ್ತಿದ್ದವು. ಆ ಚಲನಚಿತ್ರ ತೋರಿಸಿಯೇ ನನಗೆ ಈ ಕೆಲಸ ಸಿಕ್ಕಿದ್ದು. ಇಲ್ಲಿ ಅದೇ ಕೋಶ, ಅದೇ ಸಾರ. ಐದು ತಿಂಗಳಾಯಿತು, ದುಂಡಗಿದ್ದದ್ದು ದುಂಡಗೇ ಇದೆ, ಅರ್ಧಕ್ಕರ್ಧ ಕೋಶಗಳು ಗಾಜು ಬಿಟ್ಟು ತೇಲುತ್ತವೆ.

ನನ್ನ ಅನುಮಾನ ಗಾಜು ತೊಳೆಯುವುದರ ಮೇಲೆ. ಜೋಲೀನ್ ಟ್ರಸ್ಕಾಟ್ ಅಂತ ಒಬ್ಬ ವಿದ್ಯಾರ್ಥಿನಿಯನ್ನು ಈ ಕೆಲಸಕ್ಕೆ ಹಾಕಿದ್ದೇನೆ. ಐಡಾಹೋದ ಕುರಿ ಸಾಕುವವರ ಮನೆಯ ಹುಡುಗಿ. ಕೈ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ನಾಲ್ಕು ಸಲ ತೊಳೆದೆ ಅನ್ನುತ್ತಾಳೆ. ನನಗೆ ನಂಬಿಕೆಯಿಲ್ಲ. ನೀವು ಹೇಗೆ ತೊಳೆಯುತ್ತಿದ್ದಿರಿ, ಒಂದು ಹೆಜ್ಜೆಯೂ ಬಿಡದೆ ಬರೆದು ಕಳಿಸಿ. ಸಾಧ್ಯವಾದರೆ ಅಲ್ಲಿಯ ನಲ್ಲಿ ನೀರು ಒಂದು ಸೀಸೆ.

ನಿಮ್ಮ
ಕಾನ್ರಾಡ್


ಮಿನೆಸೋಟಾ
ನವೆಂಬರ್ 4, 1973

ಡಾ. ಎಬರ್ಸೋಲ್ ಅವರಿಗೆ,

ನೀರು ಕಳಿಸುವುದಿಲ್ಲ. ಈ ಚಳಿಯಲ್ಲಿ ಸೀಸೆ ದಾರಿಯಲ್ಲೇ ಒಡೆಯುತ್ತದೆ, ಅಂಚೆಯವನು ನನ್ನನ್ನು ಶಪಿಸುತ್ತಾನೆ. ನಿಮ್ಮ ತೊಂದರೆ ನೀರಿನದೂ ಅಲ್ಲ.

ತೊಳೆಯುವ ರೀತಿ ಇದು. ಆಮ್ಲದಲ್ಲಿ ಒಂದು ಇಡೀ ದಿನ ಮುಳುಗಿಸಿಡಬೇಕು. ಆಮೇಲೆ ನಲ್ಲಿ ನೀರಲ್ಲಿ ಇಪ್ಪತ್ತು ಸಲ, ಬಟ್ಟಿ ಇಳಿಸಿದ ನೀರಲ್ಲಿ ಹತ್ತು ಸಲ. ಗಾಜನ್ನು ಓರೆ ಹಿಡಿದರೆ ನೀರು ಒಂದೇ ಹಾಳೆಯಾಗಿ ಇಳಿಯಬೇಕು. ಎಲ್ಲಾದರೂ ಹನಿ ಒಡೆದು ನಿಂತರೆ ಅಲ್ಲಿ ಜಿಡ್ಡಿದೆ ಎಂದರ್ಥ, ಮತ್ತೆ ಮೊದಲಿನಿಂದ ಶುರು. ಆಮ್ಲಕ್ಕೆ ನನ್ನ ಏಪ್ರನ್ನುಗಳೆಲ್ಲ ಜರಡಿಯಾಗಿವೆ. ಆ ಹುಡುಗಿಯ ಏಪ್ರನ್ ನೋಡಿ. ತೂತು ಬಿದ್ದಿದ್ದರೆ ಅವಳು ಸುಳ್ಳು ಹೇಳುತ್ತಿಲ್ಲ.

ಆ ಸಾರದ ಬಗ್ಗೆ ನೀವು ಬರೆದ ಪ್ರಬಂಧ ಅಚ್ಚಾಗಿ ಗ್ರಂಥಾಲಯಕ್ಕೆ ಬಂತು. ಊಟದ ಬಿಡುವಿನಲ್ಲಿ ನಿಂತುಕೊಂಡೇ ಓದಿದೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಸಿಬ್ಬಂದಿಗೆ ಕೃತಜ್ಞತೆ' ಎಂದಿದೆ. ಸಿಬ್ಬಂದಿ ಎಂದರೆ ನಾನೊಬ್ಬಳೇ ಇದ್ದೆ. ಇಲ್ಲಿಂದ ಹೊರಡುವ ದಿನ ಕೇಕು ತಿನ್ನುತ್ತಾ, "ಆರ್ಡಿತ್, ಈ ಸಲ ನಿಮ್ಮ ಹೆಸರು ಹಾಕೇ ಹಾಕ್ತೀನಿ, ನೋಡ್ತಿರಿ" ಎಂದಿದ್ದಿರಿ. ನೋಡಿದೆ.

ಆರ್ಡಿತ್ ಕೋಲ್ವಿಗ್


ಮಿನೆಸೋಟಾ
ನವೆಂಬರ್ 11, 1973

ಡಾ. ಎಬರ್ಸೋಲ್,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಬರೆದು ಹೊಲಿಗೆ ಪೆಟ್ಟಿಗೆಯಲ್ಲಿಡುತ್ತೇನೆ. ಹೊಟ್ಟೆಯಲ್ಲೇ ಇಟ್ಟುಕೊಂಡರೆ ಊಟ ಸೇರುವುದಿಲ್ಲ.

ನಿಮ್ಮ ಕೋಶಗಳು ಯಾಕೆ ಹರಡುತ್ತಿಲ್ಲ ಎಂದು ನನಗೆ ಗೊತ್ತು. ನಿಮ್ಮ ಅಕ್ಟೋಬರ್ ಪತ್ರ ಓದಿದಾಗಲೇ ಗೊತ್ತಾಯಿತು.

1971ರ ಮಾರ್ಚ್. ನೀವು ಸಾರ ಸುರಿದ ಕೂಡಲೇ ಕೋಶಗಳು ಗಾಜು ಬಿಟ್ಟು ತೇಲುತ್ತಿದ್ದವು. ಮೂರು ವಾರದ ಚಿತ್ರೀಕರಣ ಹಾಳಾಯಿತು. "ಗಾಜು ತೊಳೆಯೋಕೂ ಬರಲ್ವೇನ್ರೀ ನಿಮಗೆ? ಇಪ್ಪತ್ತು ವರ್ಷ ಇಲ್ಲಿ ಏನ್ ಮಾಡ್ತಿದ್ರಿ?" ಎಂದು ಎಲ್ಲರೆದುರು ಕೂಗಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಹೋದಿರಿ. ನಾನು ಪ್ರತಿ ಭಾನುವಾರ ಚರ್ಚಿನ ನೆಲಮಾಳಿಗೆಯ ಊಟಕ್ಕೆ ಜೆಲ್ಲಿ ಮಾಡುವವಳು. ಯಾವುದು ಯಾವುದಕ್ಕೆ ಅಂಟುತ್ತದೆ ಎಂದು ನನಗೆ ಯಾರೂ ಕಲಿಸಬೇಕಿಲ್ಲ. ಜೆಲ್ಲಿ ಗಟ್ಟಿಯಾಗಲು ಹಾಕುವ ಜೆಲಾಟಿನ್ ಪುಡಿ ಒಂದು ಚಿಟಿಕೆ ಬಿಸಿನೀರಲ್ಲಿ ಕರಗಿಸಿ, ಸಾರ ಹಾಕಬೇಕಾದ ಗಾಜುಗಳನ್ನು ಮಾತ್ರ ಅದರಲ್ಲಿ ಅದ್ದಿ ಒಣಗಿಸಿದೆ. ಸಾರ ಹಾಕದ ಗಾಜುಗಳಲ್ಲಿ ಕೋಶ ಉದುರುತ್ತಿರಲಿಲ್ಲ, ಅವನ್ನು ಮುಟ್ಟಲಿಲ್ಲ. ಸೋಮವಾರ ನಿಮ್ಮ ಕೋಶಗಳು ಉದುರಲಿಲ್ಲ. ಕಾವಲಿಯ ಮೇಲೆ ಹಿಟ್ಟು ಹರಡುವ ಹಾಗೆ ಹರಡಿದವು. ನೀವು ಕುಣಿದಿರಿ.

ನಾನು ಹೇಳಲು ಬಂದೆ. "ಡಾಕ್ಟ್ರೇ, ಆ ಗಾಜಿಗೆ ನಾನು ಸ್ವಲ್ಪ..." ಎನ್ನುವಷ್ಟರಲ್ಲಿ ನೀವು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ, "ಆರ್ಡಿತ್, ನೀವು ಗಾಜು ತೊಳೀರಿ. ಯೋಚನೆ ಮಾಡೋಕೆ ನಾನಿದ್ದೀನಿ" ಎಂದಿರಿ. ಸರಿ ಎಂದುಕೊಂಡು ತೊಳೆಯುವ ಕೋಣೆಯ ಲೆಕ್ಕ ಬರೆಯುವ ನನ್ನ ಹಸಿರು ಪುಸ್ತಕದಲ್ಲಿ ಬರೆದಿಟ್ಟೆ. ಎರಡು ವರ್ಷ ಹಾಗೇ ಅದ್ದಿ ಅದ್ದಿ ಕೊಟ್ಟೆ. ಪುಸ್ತಕ ನೋಡಿರುತ್ತೀರಿ, ಗೊತ್ತಿರುತ್ತದೆ ಎಂದುಕೊಂಡಿದ್ದೆ. ಪ್ರಬಂಧದಲ್ಲಿ 'ಸ್ವಚ್ಛವಾದ ಬರಿಯ ಗಾಜು' ಎಂದು ಓದಿದ ಮೇಲೆ ತಿಳಿಯಿತು, ನೀವು ಒಂದು ಪುಟವನ್ನೂ ತೆರೆದಿಲ್ಲ. ಕೋಶಗಳನ್ನು ಹರಡಿಸಿದ್ದು ನಿಮ್ಮ ಸಾರವಲ್ಲ. ನನ್ನ ಜೆಲಾಟಿನ್.

ಇದನ್ನು ಹೇಳಿದರೆ ಮತ್ತೆ ಸಣ್ಣ ಅಕ್ಷರದ ಕೃತಜ್ಞತೆ ಸಿಗುತ್ತದೆ. ಬೇಡ. ಯೋಚನೆ ಮಾಡಲು ನೀವಿದ್ದೀರಲ್ಲ, ಮಾಡಿ.


ಓರೆಗಾನ್
ಫೆಬ್ರವರಿ 18, 1974

ಪ್ರಿಯ ಆರ್ಡಿತ್,

ಹೆಸರಿನ ವಿಷಯಕ್ಕೆ ಬೇಸರ ಮಾಡಿಕೊಳ್ಳಬೇಡಿ. ಜಾಗ ಕಡಿಮೆ ಇತ್ತು, ಸಂಪಾದಕರು ಕತ್ತರಿಸಿದರು. ತೊಳೆಯುವ ಕೋಣೆಯವರ ಹೆಸರು ಹಾಕುವ ಪದ್ಧತಿ ಎಲ್ಲೂ ಇಲ್ಲ, ನಿಮಗೂ ಗೊತ್ತು.

ನೀವು ಹೇಳಿದ ಹಾಗೆ ಜೋಲೀನ್ ಮೂವತ್ತು ಸಲ ತೊಳೆದಳು. ಏಪ್ರನ್ ನೋಡಿದೆ, ತೂತುಗಳಿವೆ. ಕೋಶಗಳು ಮಾತ್ರ ದುಂಡಗೇ ಇವೆ. ಬೇಸಿಗೆಯಲ್ಲಿ ಅನುದಾನದ ಸಮಿತಿ ಬರುತ್ತದೆ. ಅಷ್ಟರಲ್ಲಿ ಏನೂ ತೋರಿಸದಿದ್ದರೆ ಬಾಗಿಲ ಮೇಲಿನ ಹಿತ್ತಾಳೆ ಅಕ್ಷರ ಕಿತ್ತು ನನ್ನ ಕೈಗೇ ಕೊಡುತ್ತಾರೆ.

ಇದರ ನಡುವೆ ನಿಮಗೆ ನಗು ಬರುವ ಸಂಗತಿಯೊಂದು. ಕಳೆದ ವಾರ ಈ ಹುಡುಗಿ ಮುಖವೆಲ್ಲ ಅರಳಿಸಿಕೊಂಡು ಒಂದು ತಟ್ಟೆ ಗಾಜು ತಂದಳು. "ನೋಡಿ ಸಾರ್, ಸಾರವನ್ನೇ ಹಾಕಿಲ್ಲ, ಆದ್ರೂ ಹರಡಿದಾವೆ. ಗಾಜಿಗೆ ಜೆಲಾಟಿನ್ ಬಳಿದೆ ಅಷ್ಟೆ. ನಿಮ್ಮ ಸಾರಕ್ಕೂ ಇದಕ್ಕೂ ಸಂಬಂಧಾನೇ ಇಲ್ವೇನೋ" ಎಂದಳು. "ಇದು ಪ್ರಯೋಗಾಲಯ ಕಣಮ್ಮ, ಮಿಠಾಯಿ ಅಂಗಡಿ ಅಲ್ಲ" ಎಂದು ಅವಳೆದುರೇ ತೊಟ್ಟಿಗೆ ಸುರಿದೆ. ಬರಿಯ ಗಾಜಿನ ಮೇಲೆ ಹರಡಿಸಿ ತೋರಿಸುವುದೇ ಇಡೀ ವಿಷಯ. ಅಂಟು ಬಳಿದರೆ ಯಾವ ಕೋಶ ಹರಡುವುದಿಲ್ಲ?

ನಿಮಗೆ ಬೇರೇನಾದರೂ ನೆನಪಾದರೆ ಬರೆಯಿರಿ. ಏನಾದರೂ ಸರಿ.

ಕಾನ್ರಾಡ್


ಮಿನೆಸೋಟಾ
ಮಾರ್ಚ್ 24, 1974

ಡಾ. ಎಬರ್ಸೋಲ್ ಅವರಿಗೆ,

ಇಷ್ಟು ದಿನ ಉತ್ತರ ಬರೆಯಲಿಲ್ಲ. ಎರಡು ಸಲ ಬರೆದು ಹರಿದೆ.

ಆ ಹುಡುಗಿ ಸುಳ್ಳುಗಾತಿಯಲ್ಲ. ಅವಳು ತಂದ ಗಾಜನ್ನು ನೀವು ತೊಟ್ಟಿಗೆ ಸುರಿಯಬಾರದಿತ್ತು. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಇಲ್ಲಿಂದ ಹೋಗುವಾಗ ನನ್ನ ಹಸಿರು ಪುಸ್ತಕವನ್ನು ನಿಮ್ಮ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಿದ್ದೀರಿ. 1971ರ ಮಾರ್ಚ್ ತಿಂಗಳ ಪುಟ ತೆಗೆದು ಓದಿ. ಹಾಗೆ ಮಾಡಿದರೆ ನನ್ನನ್ನು ಏನೂ ಕೇಳಬೇಕಾಗುವುದಿಲ್ಲ. ಇಪ್ಪತ್ತು ವರ್ಷ ನಾನು ನಿಮ್ಮಂಥವರ ಬರವಣಿಗೆ ಓದಿ ಕೆಲಸ ಮಾಡಿದ್ದೇನೆ. ಒಂದು ಸಲ ನೀವು ನನ್ನದನ್ನು ಓದಿ.

ಆರ್ಡಿತ್ ಕೋಲ್ವಿಗ್


ಓರೆಗಾನ್
ಜೂನ್ 30, 1974

ಪ್ರಿಯ ಆರ್ಡಿತ್,

ಕೆಟ್ಟ ತಿಂಗಳು. ಮೊದಲು ನಿಮ್ಮ ಪುಸ್ತಕದ ವಿಷಯ. ಹುಡುಕಿದೆ, ಸಿಕ್ಕಿತು. ಸೋಪಿನ ಲೆಕ್ಕ, ಒಡೆದ ಗಾಜಿನ ಲೆಕ್ಕ, ಯಾರದೋ ಹುಟ್ಟುಹಬ್ಬಕ್ಕೆ ಎಷ್ಟು ಮೊಟ್ಟೆ ಬೇಕು ಎಂಬ ಲೆಕ್ಕ. ಎರಡು ಪುಟ ನೋಡುವಷ್ಟರಲ್ಲಿ ತಾಳ್ಮೆ ಹೋಯಿತು. ನಮ್ಮ ಸೂಕ್ಷ್ಮದರ್ಶಕದ ಮೇಜು ಒಂದು ಕಡೆ ಅಲುಗಾಡುತ್ತಿತ್ತು. ಅದರ ಕಾಲಿಗೆ ಕೊಟ್ಟೆ, ಅಳತೆ ಸರಿಯಾಗಿ ಕೂತಿತು. ಹೀಗಾದರೂ ಉಪಯೋಗಕ್ಕೆ ಬಂತು, ನಗಬೇಡಿ.

ಜೋಲೀನ್ ಹೋದಳು. ನಾನೇ ಕಳಿಸಿದೆ. ಸಮಿತಿ ಬಂದ ದಿನ, ನಾನು ಮಾತಾಡಿ ಕೂತ ಮೇಲೆ, ಇವಳು ಎದ್ದು ನಿಂತು ತನ್ನ ಜೆಲಾಟಿನ್ ಗಾಜಿನ ಚಿತ್ರಗಳನ್ನು ಎಲ್ಲರಿಗೂ ಹಂಚಿದಳು. "ಡಾಕ್ಟರ್ ಎಬರ್ಸೋಲ್ ಅವರ ಸಾರಕ್ಕೆ ಆ ಶಕ್ತಿ ಇದೆಯೋ ಇಲ್ವೋ ನಂಗೆ ಗೊತ್ತಿಲ್ಲ. ನಂಗೆ ಕಂಡಿದ್ದನ್ನ ತೋರಿಸ್ತಿದೀನಿ" ಎಂದಳು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು. ಅನುದಾನ ಉಳಿಸಿಕೊಳ್ಳಲು ಒಂದೇ ದಾರಿ ಇತ್ತು. ಗಾಜಿಗೆ ಕದ್ದು ಏನೋ ಬಳಿದು ಫಲಿತಾಂಶ ತಯಾರಿಸಿದ್ದಾಳೆ, ಇವಳ ಕೈಯ ಯಾವ ಕೆಲಸವನ್ನೂ ನಂಬುವ ಹಾಗಿಲ್ಲ ಎಂದು ವಿಭಾಗಕ್ಕೆ ಬರೆದುಕೊಟ್ಟೆ. ಅವರು ಅವಳ ಹೆಸರು ತೆಗೆದರು. ನಾಲ್ಕು ವರ್ಷದ ಓದು, ಹೋಯಿತು. ಅಳಲಿಲ್ಲ. ಏಪ್ರನ್ ಮಡಿಸಿ ಮೇಜಿನ ಮೇಲಿಟ್ಟು, "ತೊಳೆದ ಗಾಜು ಮೂರನೇ ಕಪಾಟಲ್ಲಿದೆ" ಎಂದು ಹೇಳಿ ಹೋದಳು. ಕಲ್ಲು ಮನಸ್ಸಿನ ಹುಡುಗಿ.

ಹೊಸಬರು ಸಿಗುವವರೆಗೆ ನಾನೇ ತೊಳೆಯುತ್ತಿದ್ದೇನೆ. ನೋಡಿ ನನ್ನ ಗತಿ.

ಕಾನ್ರಾಡ್


ಮಿನೆಸೋಟಾ
ಜುಲೈ 6, 1974

ಡಾ. ಎಬರ್ಸೋಲ್,

ಇದರೊಂದಿಗೆ ಇನ್ನೊಂದು ಪತ್ರ ಇಟ್ಟಿದ್ದೇನೆ. ಕಳೆದ ನವೆಂಬರ್ 11ರದು. ಅಂಚೆಗೆ ಹಾಕದೆ ಹೊಲಿಗೆ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಮೊದಲು ಅದನ್ನು ಓದಿ.

ಓದಿದಿರಾ? ಈಗ ಮೇಜಿನ ಕಾಲಿನಿಂದ ಪುಸ್ತಕ ಎಳೆದು 1971ರ ಮಾರ್ಚ್ 15ನೆಯ ತಾರೀಖು ನೋಡಿ. ನಾನು ಬರೆದದ್ದೂ ಅವಳು ಹೇಳಿದ್ದೂ ಒಂದೇ. ಆ ಹುಡುಗಿ ಏನನ್ನೂ ಕದ್ದು ಬಳಿಯಲಿಲ್ಲ. ನಿಮಗೆ ಹೇಳಿಯೇ ಬಳಿದಳು. ಕದ್ದು ಬಳಿದವಳು ಯಾರಾದರೂ ಇದ್ದರೆ ನಾನು. ನಾನೂ ಕದಿಯಲಿಲ್ಲ, ನೀವು ಕೇಳಿಸಿಕೊಳ್ಳಲಿಲ್ಲ.

ಫೆಬ್ರವರಿಯಲ್ಲಿ ನಿಮ್ಮ ಪತ್ರ ಓದಿದಾಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನೀವು ನನ್ನ ಪುಸ್ತಕ ಓದಿ ತಲೆ ತಗ್ಗಿಸಬೇಕು ಎಂಬ ಆಸೆಯಿತ್ತು ನನಗೆ. ಆ ಆಸೆಗೆ ಬೇರೆಯವರ ಮನೆಯ ಮಗಳು ಬಲಿಯಾದಳು. ನಾಚಿಕೆಯಾಗುತ್ತಿದೆ.

ವಿಭಾಗಕ್ಕೆ ಈ ಎರಡೂ ಪತ್ರ ತೋರಿಸಿ. ಇವತ್ತೇ ತೋರಿಸಿ. ಅವಳನ್ನು ವಾಪಸ್ ಕರೆಸಿ. ಅವಳ ಊರು, ವಿಳಾಸ ನನಗೆ ಕಳಿಸಿ.

ಆರ್ಡಿತ್ ಕೋಲ್ವಿಗ್


ಓರೆಗಾನ್
ಜನವರಿ 20, 1975

ಪ್ರಿಯ ಆರ್ಡಿತ್,

ಆರು ತಿಂಗಳು ಸುಮ್ಮನಿದ್ದುದಕ್ಕೆ ಕ್ಷಮಿಸಿ. ನಿಮ್ಮ ಮೂರು ಜ್ಞಾಪನಾ ಪತ್ರಗಳೂ ಬಂದವು. ಸುಮ್ಮನೆ ಕೂತಿರಲಿಲ್ಲ, ಕೆಲಸ ಮಾಡುತ್ತಿದ್ದೆ.

ಮೊದಲ ದಿನ ನಿಮ್ಮ ಮೇಲೆ ಬಂದ ಸಿಟ್ಟಿಗೆ ಪತ್ರ ಹರಿದು ಹಾಕಿದೆ. ಆಮೇಲೆ ಮನಸ್ಸು ತಡೆಯದೆ ಅಂಗಡಿಗೆ ಹೋಗಿ ಜೆಲಾಟಿನ್ ತಂದೆ. ನೀವು ಹೇಳಿದ್ದು ಸರಿ. ಸಾರ ಇಲ್ಲದೆಯೂ ಹರಡುತ್ತವೆ. ಆದರೆ ಆರ್ಡಿತ್, ಇದು ಸಾರಕ್ಕಿಂತ ದೊಡ್ಡ ಸಂಗತಿ! ಕೋಶದ ಆಕಾರ ಅದರ ಗುಣದಿಂದ ಮಾತ್ರ ಬರುವುದಲ್ಲ, ಅದು ಕೂತ ನೆಲದಿಂದ ಬರುತ್ತದೆ. ಗಡ್ಡೆಯ ಕೋಶ ದುಂಡಗಿರುವುದು ಕಾಲೂರಲು ಜಾಗವಿಲ್ಲದ್ದಕ್ಕೆ. ಪ್ರಬಂಧ ಬರೆದು ಕಳಿಸಿದ್ದೇನೆ. ಸಮಿತಿ ಬಹಳ ಮೆಚ್ಚಿಕೊಂಡಿದೆ. ಹಳೆಯ ಪ್ರಬಂಧ ತಪ್ಪು ಎಂದು ಎಲ್ಲೂ ಹೇಳಿಲ್ಲ, 'ಅದರ ಮುಂದುವರಿಕೆ' ಎಂದಿದ್ದೇನೆ. ಯಾರೂ ಆಕ್ಷೇಪಿಸಲಿಲ್ಲ.

ಜೋಲೀನ್ ವಿಷಯ. ಅವಳನ್ನು ಕರೆಸುವುದು ಆಗದ ಮಾತು. ಮೋಸ ಮಾಡಿದಳು ಎಂದು ಸಹಿ ಹಾಕಿ ಕೊಟ್ಟವನು ನಾನು. ಈಗ ಇಲ್ಲ ಎಂದರೆ ಅನುದಾನದ ಗತಿ ಏನು, ಪ್ರಬಂಧದ ಗತಿ ಏನು? ಅಲ್ಲದೆ ಒಂದು ಮಾತು ಕೇಳುತ್ತೇನೆ, ಬೇಸರ ಬೇಡ. ನನಗೆ ಗೊತ್ತಾದದ್ದು ಜುಲೈಯಲ್ಲಿ. ನಿಮಗೆ ನವೆಂಬರಿನಿಂದ ಗೊತ್ತಿತ್ತು. ಅವಳ ನಾಲ್ಕು ವರ್ಷ ಹೋದದ್ದು ಯಾರಿಂದ ಎಂದು ನೀವೇ ಹೇಳಿ. ಈಗ ಇಬ್ಬರೂ ಅದನ್ನು ಕೆದಕದಿರುವುದೇ ಒಳ್ಳೆಯದು. ಪುಸ್ತಕವನ್ನು ನಾನು ಜೋಪಾನವಾಗಿ ಇಟ್ಟಿದ್ದೇನೆ.

ವಿಳಾಸ ಕೇಳಿದ್ದಿರಿ. ಐಡಾಹೋದಲ್ಲಿ ಯಾವುದೋ ಆಲೂಗಡ್ಡೆ ಕಾರ್ಖಾನೆಯಲ್ಲಿ ಇದ್ದಾಳಂತೆ. ನನಗೆ ಅಷ್ಟೇ ಗೊತ್ತು.

ಕಾನ್ರಾಡ್


ಮಿನೆಸೋಟಾ
ಫೆಬ್ರವರಿ 16, 1975

ಡಾ. ಎಬರ್ಸೋಲ್,

ಐಡಾಹೋದ ಹನ್ನೊಂದು ಆಲೂಗಡ್ಡೆ ಕಾರ್ಖಾನೆಗಳಿಗೆ ಫೋನು ಮಾಡಿದೆ. ಒಂಬತ್ತನೆಯದರಲ್ಲಿ ಅವಳಿದ್ದಳು. ಸೀಳಿದ ಆಲೂಗಡ್ಡೆಯಲ್ಲಿ ಕಪ್ಪು ಚುಕ್ಕೆ ಇರುವುದನ್ನು ಆರಿಸಿ ತೆಗೆಯುವ ಕೆಲಸ. ಯಂತ್ರಗಳ ಸದ್ದಿನಲ್ಲಿ ಇಬ್ಬರೂ ಕೂಗಿಕೊಂಡೇ ಮಾತಾಡಿದೆವು.

ನಾನು ಯಾರು ಎಂದು ಹೇಳಿದೆ. "ಗೊತ್ತು. ಗಾಜು ತೊಳೆಯೋದು ಹೇಗೆ ಅಂತ ಬರೆದು ಕಳ್ಸಿದ್ರಲ್ಲ, ಅವ್ರು ತಾನೆ? ಆ ಕಾಗದ ಗೋಡೆಗೆ ಅಂಟಿಸಿಕೊಂಡಿದ್ದೆ" ಎಂದಳು. ನಾನು ಎಲ್ಲವನ್ನೂ ಹೇಳಿದೆ, ಒಂದನ್ನೂ ಮುಚ್ಚಿಡಲಿಲ್ಲ. ನೀನು ಕಂಡದ್ದು ನಿಜ ಮಗಳೇ, ನಾನು ನಿನಗಿಂತ ಮೂರು ವರ್ಷ ಮೊದಲೇ ಕಂಡಿದ್ದೆ, ವಿಭಾಗಕ್ಕೆ ಬಂದು ಬೇಕಾದರೆ ಸಾಕ್ಷಿ ಹೇಳುತ್ತೇನೆ ಎಂದೆ.

ಅವಳು ಕೇಳಿದಳು: "ಫೆಬ್ರವರೀಲಿ ನಾನು ಅವ್ರಿಗೆ ಗಾಜು ತೋರಿಸಿದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಅವರೇ ಬರೆದಿದ್ದರು" ಎಂದೆ.

"ಅವ್ರ ಮೇಲೆ ನಂಗೆ ಅಷ್ಟು ಸಿಟ್ಟಿಲ್ಲ ಮಿಸೆಸ್ ಕೋಲ್ವಿಗ್. ಆ ಮನುಷ್ಯನಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ನಂಗೇ ತಲೆ ಕೆಟ್ಟಿದೆಯೇನೋ, ಕಣ್ಣು ಸರಿಯಿಲ್ವೇನೋ ಅಂತ ನಾಲ್ಕು ತಿಂಗಳು ನಿದ್ದೆ ಮಾಡಿಲ್ಲ ನಾನು. ಸರಿ ಇದೀಯ ಅಂತ ಹೇಳಬಹುದಾಗಿದ್ದೋರು ಇಡೀ ದೇಶದಲ್ಲಿ ನೀವೊಬ್ರೇ" ಎಂದಳು. ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಸಾಕ್ಷಿ ಬೇಡ. ಇಲ್ಲಿ ಬೆಲ್ ಹೊಡೀತಿದೆ" ಎಂದು ಇಟ್ಟುಬಿಟ್ಟಳು.

ನೀವು ಜನವರಿಯಲ್ಲಿ ಬರೆದದ್ದನ್ನೇ ಅವಳೂ ಹೇಳಿದಳು. ನಿಮ್ಮ ಬಾಯಲ್ಲಿ ಅದು ತಪ್ಪಿಸಿಕೊಳ್ಳುವ ಮಾತಾಗಿತ್ತು, ಅವಳ ಬಾಯಲ್ಲಿ ನಿಜವಾಯಿತು. ಹೊಸ ಪ್ರಬಂಧ ಇನ್ನೂ ಅಚ್ಚಿಗೆ ಹೋಗಿಲ್ಲದಿದ್ದರೆ ಅದರಲ್ಲಿ ಅವಳ ಹೆಸರು ಹಾಕಿ. ಮೊದಲು ಅವಳದು. ನನ್ನ ಹೆಸರು ಎಲ್ಲೂ ಬೇಡ, ಸಣ್ಣ ಅಕ್ಷರದಲ್ಲೂ ಬೇಡ. ಕೇಕು ತಿನ್ನುತ್ತಾ ನನಗೆ ಕೊಟ್ಟ ಮಾತನ್ನು ಮರೆತುಬಿಡಿ, ಇದನ್ನು ಮಾಡಿ.

ಅವಳ ಮನೆಯ ವಿಳಾಸ ಈ ಹಾಳೆಯ ಹಿಂದೆ ಬರೆದಿದ್ದೇನೆ. ನೀವೇ ಒಂದು ಕ್ಷಮಾಪಣೆ ಬರೆಯಿರಿ.

ಆರ್ಡಿತ್ ಕೋಲ್ವಿಗ್


ಓರೆಗಾನ್
ಏಪ್ರಿಲ್ 28, 1975

ಪ್ರಿಯ ಆರ್ಡಿತ್,

ನಿಮ್ಮ ಪತ್ರ ಬರುವ ಹೊತ್ತಿಗೆ ಪ್ರಬಂಧ ಅಚ್ಚಿಗೆ ಹೋಗಿತ್ತು. ಏನೂ ಮಾಡುವ ಹಾಗಿರಲಿಲ್ಲ. ಜೋಲೀನ್ ಹೆಸರು ಹೇಗೂ ಹಾಕಲಾಗುತ್ತಿರಲಿಲ್ಲ, ಅವಳು ಇಲ್ಲಿಯ ದಾಖಲೆಯಲ್ಲೇ ಇಲ್ಲ.

ಆದರೆ ನಿಮಗೊಂದು ಸಂತೋಷದ ಸುದ್ದಿ ಮುಚ್ಚಿಟ್ಟಿದ್ದೆ. ಕೈಗೆ ಬಂದಾಗಲೇ ತೋರಿಸೋಣ ಎಂದು. ಇಪ್ಪತ್ತೈದು ಪ್ರತಿ ಬೇರೆ ಕಟ್ಟಿನಲ್ಲಿ ಕಳಿಸಿದ್ದೇನೆ, ಬಿಚ್ಚಿ ನೋಡಿ. 'ಕೆ. ಎಬರ್ಸೋಲ್ ಮತ್ತು ಎ. ಕೋಲ್ವಿಗ್'. ಕೃತಜ್ಞತೆಯಲ್ಲಿ ಅಲ್ಲ, ಶೀರ್ಷಿಕೆಯ ಕೆಳಗೆ, ದಪ್ಪ ಅಕ್ಷರದಲ್ಲಿ. ತೊಳೆಯುವ ಕೋಣೆಯವರ ಹೆಸರು ಹೀಗೆ ಬಂದದ್ದು ನಾನಂತೂ ಎಲ್ಲೂ ನೋಡಿಲ್ಲ. ಬೇಡ ಎಂದು ನೀವು ಬರೆದದ್ದು ಸಂಕೋಚಕ್ಕೆ ಎಂದು ನನಗೆ ಗೊತ್ತು. ಕೊಟ್ಟ ಮಾತು ತಪ್ಪುವವನಲ್ಲ ನಾನು. ಚರ್ಚಿನವರಿಗೆಲ್ಲ ಹಂಚಿ.

ಜೋಲೀನ್ ವಿಳಾಸ ಕೊಟ್ಟದ್ದು ಒಳ್ಳೆಯದಾಯಿತು. ಕ್ಷಮಾಪಣೆ ಬರೆಯಲು ಕೂತೆ, ಮಾತು ಹೊಂದಲಿಲ್ಲ. ಅದರ ಬದಲು ಅವಳಿಗೂ ಒಂದು ಪ್ರತಿ ಕಳಿಸಿದೆ. ಮೊದಲ ಪುಟದಲ್ಲಿ ನಿಮ್ಮ ಹೆಸರಿನ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ.

ಕಾನ್ರಾಡ್